ನಾಲ್ಕು ಬೆರಳು ಉದ್ದದ ಪೆಡಲ್

ಬೆಳಿಗ್ಗೆ ಆರು ಇಪ್ಪತ್ತಕ್ಕೆ ಪಿಕಪ್ ಏರುದಾರಿಯ ಅರ್ಧದಲ್ಲಿ ನಿಂತಿತು. ಎಂಜಿನ್ ಓಡುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಹಿಂದೆ ಹನ್ನೊಂದು ಗಂಟು ಒಗೆದ ಬಟ್ಟೆಯಿತ್ತು. ಗುಡ್ಡದ ಮೇಲಿನ ಲಾಡ್ಜಿಗೆ ಅದು ಏಳಕ್ಕೆ ಮುಟ್ಟಬೇಕಿತ್ತು. ಮುಟ್ಟಿದ್ದು ಒಂಬತ್ತೂವರೆಗೆ, ಬಾಡಿಗೆ ವ್ಯಾನಿನಲ್ಲಿ.

ಲಾಡ್ಜಿನ ಹಿಂಬಾಗಿಲಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಎಷ್ಟು ಶೀಟು, ಎಷ್ಟು ದಿಂಬಿನ ಚೀಲ, ಎಷ್ಟು ಟವೆಲ್ ಬಂತು ಎಂದು ಬರೆದು, ಕೊನೆಯ ಕಾಲಮಿನಲ್ಲಿ ಗಾಡಿಯ ಚಾಲಕ ಸಹಿ ಹಾಕಬೇಕು. ಒಂಬತ್ತು ವರ್ಷದಿಂದ ಆ ಕಾಲಮಿನಲ್ಲಿ ಒಂದೇ ಸಹಿ ಇತ್ತು. ಆ ದಿನ ವ್ಯಾನಿನವನು ಹಾಕಿದ.

ಪಿಕಪ್ ಓಡಿಸುತ್ತಿದ್ದವರಿಗೆ ಅರವತ್ತೇಳು ವರ್ಷ. ಬೀದಿಯವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು. ಅವರ ಯಜಮಾನಿಕೆ ಎಂದರೆ ಮನೆಯ ಹಿಂದಿನ ಲಾಂಡ್ರಿ: ಎರಡು ದೊಡ್ಡ ಒಗೆಯುವ ಯಂತ್ರ, ಒಂದು ಹಿಂಡುವ ಯಂತ್ರ, ಇಸ್ತ್ರಿಯ ಉದ್ದ ಮೇಜು, ಅಂಗಳದಲ್ಲಿ ಆರು ಸಾಲು ತಂತಿ, ಆ ಪಿಕಪ್. ಒಂಬತ್ತು ವರ್ಷದ ಹಿಂದೆ ಒದ್ದೆ ಬಟ್ಟೆ ತುಂಬಿದ ತೊಟ್ಟಿ ಜಾರಿ ಅವರ ಎಡ ಮೊಣಕಾಲಿನ ಮೇಲೆ ಬಿದ್ದಿತ್ತು. ಕಾಲು ಉಳಿಯಿತು, ಬಲ ಉಳಿಯಲಿಲ್ಲ. ಕ್ಲಚ್ ತುಳಿಯುವ ಗಾಡಿ ಇನ್ನು ಬೇಡ ಎಂದರು ಡಾಕ್ಟರು. ಆಗ, ಮುಚ್ಚಿಹೋದ ಹೋಟೆಲೊಂದರಿಂದ ಈ ಹಳೆಯ ಆಟೋಮ್ಯಾಟಿಕ್ ಪಿಕಪ್ ತಂದಿದ್ದರು. ಇದರಲ್ಲಿ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್ ಬಂದ. ಜೇಬಿನಲ್ಲಿ ಸದಾ ಹದಿನಾಲ್ಕು ನಂಬರಿನ ಸ್ಪ್ಯಾನರ್ ಇಟ್ಟುಕೊಳ್ಳುವುದರಿಂದ ಅವನಿಗೆ ಹದಿನಾಲ್ಕು ಎಂದೇ ಹೆಸರು. ಯಜಮಾನರಿಗೂ ಅವನಿಗೂ ಮೂವತ್ತು ವರ್ಷದ ಒಡನಾಟ. ಅವನು ಗಾಡಿಯ ಕೆಳಗೆ ಮಲಗಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ಎದ್ದ.

"ಮೂಸಿ ನೋಡಿ ಯಜಮಾನ್ರೇ."

"ಸೀದ ವಾಸನೆ."

"ಒಳಗೆ ಪ್ಲೇಟೆಲ್ಲ ಸುಟ್ಟಿದೆ. ಈ ಗೇರ್‌ಬಾಕ್ಸ್ ರಿಪೇರಿ ಮಾಡ್ಸೋ ದುಡ್ಡಿಗೆ ಇಂಥದೇ ಇನ್ನೊಂದು ಗಾಡಿ ಬರುತ್ತೆ. ಅದೂ ಸಾಮಾನು ಸಿಕ್ಕಿದ್ರೆ."

ಸಂಜೆ ಅಡುಗೆಮನೆಯಲ್ಲಿ ನಾಲ್ವರೂ ಇದ್ದರು. ಯಜಮಾನರು ಗೋಡೆಗೆ ಒರಗಿ ಕುಳಿತಿದ್ದರು. ಅವರ ಹೆಂಡತಿ ಒಲೆಯ ಮುಂದಿದ್ದಳು. ಸೊಸೆ ಬಟಾಣಿ ಬಿಡಿಸುತ್ತಿದ್ದಳು. ಮಗ ಆಗಷ್ಟೇ ಕೆಲಸದಿಂದ ಬಂದಿದ್ದ. ಅವನದು ನೀರಿನ ಪಂಪ್‌ಹೌಸಿನಲ್ಲಿ ಕೆಲಸ. ಬೆಳಿಗ್ಗೆ ಐದೂವರೆಗೆ ಅಲ್ಲಿರಬೇಕು. ಬರುವ ದಾರಿಯಲ್ಲಿ ಗುಜರಿಯವನ ಹತ್ತಿರ ಹೋಗಿದ್ದ.

"ಇದೇ ಕಂಪನಿದು, ಇದೇ ಮಾಡಲ್ ಪಿಕಪ್ ಒಂದಿದೆ. ಮುಂದಿನ ಮೂತಿ ಜಜ್ಜಿಹೋಗಿದೆ. ಆದರೆ ಐದು ಗೇರಿನ ಗೇರ್‌ಬಾಕ್ಸು ಹಾಗೇ ಇದೆ. ಕ್ಲಚ್ಚು, ಪೆಡಲ್ಲು, ಹಿಂದಿನ ಶಾಫ್ಟು ಎಲ್ಲ ಸೇರಿಸಿ ಕೊಡ್ತಾನೆ. ನನ್ನ ಹತ್ರ ಇರೋದು ಸಾಕಾಗುತ್ತೆ. ಅದನ್ನೇ ಹಾಕೋಣ."

"ಗೇರು ಅಂದ್ರೆ ಕ್ಲಚ್ ಬರುತ್ತಲ್ಲ?" ಅಂದಳು ತಾಯಿ.

"ಬರುತ್ತೆ."

"ಕ್ಲಚ್ ಅಂದ್ರೆ ಎಡಗಾಲು."

ಸೊಸೆಯ ಕೈಯಿಂದ ಒಂದು ಬಟಾಣಿ ಉರುಳಿ ಒಲೆಯ ಅಡಿಗೆ ಹೋಯಿತು.

"ಯಾರು ಓಡಿಸ್ತಾರೆ ಅಂತ ಮೊದಲು ಹೇಳ್ರಪ್ಪ. ಆಮೇಲೆ ಐದಾದ್ರೂ ಹಾಕಿ, ಹತ್ತಾದ್ರೂ ಹಾಕಿ," ಅಂದಳು ತಾಯಿ.

"ನಾನೇ ಓಡಿಸೋದು. ಇನ್ಯಾರು?" ಅಂದರು ಯಜಮಾನರು.

"ರೀ, ಮೆಟ್ಟಿಲು ಹತ್ತೋಕೆ ಗೋಡೆ ಹಿಡ್ಕೋತೀರಿ."

"ಗಾಡೀಲಿ ಮೆಟ್ಟಿಲಿಲ್ಲ."

ಮಗ ಹೆಂಡತಿಯ ಕಡೆ ನೋಡಿದ. "ಇವಳ ಹತ್ರ ಲೈಸೆನ್ಸ್ ಇದೆ."

"ಇದೆ ಇದೆ. ಮದುವೆಯಾದಾಗಿಂದ ಬೀರುವಿನಲ್ಲಿದೆ," ಅಂದಳು ಅತ್ತೆ. "ಬೀರುನ ಚೆನ್ನಾಗಿ ಓಡಿಸ್ತಾಳೆ."

ಸೊಸೆ ತಲೆಯೆತ್ತಲಿಲ್ಲ. "ಕೀಲಿ ಯಾರಾದ್ರೂ ಕೊಟ್ಟಿದ್ರೆ ಗಾಡೀನೂ ಓಡಿಸ್ತಿದ್ದೆ ಅತ್ತೆ."

"ಸಾಕು," ಅಂದರು ಯಜಮಾನರು. "ತಂದು ಹಾಕಿ. ಕಾಲಿನ ವಿಚಾರ ನಾನು ನೋಡ್ಕೋತೀನಿ."

ಗೇರ್‌ಬಾಕ್ಸ್ ಕೈಗಾಡಿಯ ಮೇಲೆ ಬಂತು. ಅಂಗಳದ ತಂತಿಗಳ ಪಕ್ಕದಲ್ಲಿ ಪಿಕಪ್ಪನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದರು. ಮಗ ಕೆಲಸ ಮುಗಿಸಿ ಬಂದ ಮೇಲೆ, ಕತ್ತಲಾಗುವವರೆಗೆ ಅವನು, ಯಜಮಾನರು, ಹದಿನಾಲ್ಕು ಮೂವರೂ ಕೆಲಸ ಮಾಡುತ್ತಿದ್ದರು. ಹಳೆಯ ಆಟೋಮ್ಯಾಟಿಕ್ ಬಿಚ್ಚಿ ಇಳಿಸುವುದಕ್ಕೆ ಎರಡು ಸಂಜೆ ಹಿಡಿಯಿತು. ಅದರ ಜಾಗದಲ್ಲಿ ಎಂಜಿನ್ನಿನ ಹಿಂದೆ ಫ್ಲೈವೀಲ್ ಕೂರಿಸಿ, ಅದರ ಮೇಲೆ ಕ್ಲಚ್ ಪ್ಲೇಟು, ಆಮೇಲೆ ಗೇರ್‌ಬಾಕ್ಸು. ಗೇರಿನ ಕಡ್ಡಿ ಮೇಲೆ ಬರಲು ಚಾಲಕನ ಪಕ್ಕದ ತಗಡಿನಲ್ಲಿ ಒಂದು ಕಿಂಡಿ ಕೊರೆಯಬೇಕಿತ್ತು. ಗ್ರೈಂಡರ್ ಹಿಡಿದದ್ದು ಹದಿನಾಲ್ಕು.

ಸೊಸೆ ಒಂದು ಶೀಟನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದುಕೊಂಡು ಬಂದಳು. ಅದರಲ್ಲಿ ಮೂರು ತೂತಿತ್ತು.

"ನಿಮ್ಮ ಕಿಡಿ ಎಲ್ಲಿವರೆಗೂ ಹಾರುತ್ತೆ ಅಂತ ಗೊತ್ತಾ?"

"ಗಾಳಿ ಆ ಕಡೆಗಿತ್ತಮ್ಮ," ಅಂದ ಹದಿನಾಲ್ಕು.

"ಹಾಗಾದ್ರೆ ಗಾಳೀಗೇ ಹೇಳಿ, ಕೂತು ಹೊಲೀಲಿ."

ಕೊನೆಗೆ ಅವಳೇ ಕೂತು ಹೊಲಿದಳು. ಅವಳು ಹಾಕಿದ ತೇಪೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಹರಿದ ಶೀಟು, ಕಿತ್ತುಹೋದ ಅಂಚು, ಎಲ್ಲ ಅವಳ ಪಾಲಿಗೆ. ಯಾವ ಲಾಡ್ಜಿನ ಬಟ್ಟೆ ಯಾವುದೆಂದು ತಿಳಿಯಲು ಮೂಲೆಯಲ್ಲಿ ಬಣ್ಣದ ದಾರದಿಂದ ಗುರುತು ಹಾಕುವವಳೂ ಅವಳೇ. ಗುಡ್ಡದ ಲಾಡ್ಜಿಗೆ ಕೆಂಪು ದಾರ, ಎರಡು ಗೀಟು.

ಪೆಡಲ್ ಕೂರಿಸುವ ಕೆಲಸವನ್ನು ಯಜಮಾನರು ತಾವೇ ಕೇಳಿ ತೆಗೆದುಕೊಂಡರು. "ಕೆಳಗೆ ಮಲಗೋಕೆ ನನ್ನ ಕೈಲಿ ಆಗಲ್ಲ. ಕೂತು ಮಾಡೋ ಕೆಲಸ ಕೊಡಿ," ಅಂದರು. ಮೂವತ್ತು ವರ್ಷದಲ್ಲಿ ಆ ಇಬ್ಬರು ಎಷ್ಟೋ ಗಾಡಿ ಬಿಚ್ಚಿ ಜೋಡಿಸಿದ್ದರು. ಒಬ್ಬ ಕೂರಿಸಿದ್ದನ್ನು ಇನ್ನೊಬ್ಬ ತಿರುಗಿ ನೋಡುವ ಪದ್ಧತಿ ಅವರಲ್ಲಿರಲಿಲ್ಲ. ಹಾಗೆ ನೋಡುವುದು ಮರ್ಯಾದೆಯಲ್ಲ ಎಂದು ಇಬ್ಬರೂ ತಿಳಿದಿದ್ದರು.

ಗುರುವಾರ ಮಧ್ಯಾಹ್ನ ಕ್ಲಚ್ಚಿನ ಪೈಪು ಜೋಡಣೆಯಾಗಿತ್ತು. ಸೊಸೆ ಬಾಡಿಗೆ ವ್ಯಾನಿನಲ್ಲಿ ನರ್ಸಿಂಗ್ ಹೋಮಿಗೆ ಬಟ್ಟೆ ಕೊಡಲು ಹೋಗಿದ್ದಳು. ಅತ್ತೆ ಮಲಗಿದ್ದಳು. ಯಜಮಾನರು ಸೀಟಿನಲ್ಲಿ ಕುಳಿತು ಎಡಗಾಲಿನಿಂದ ಪೆಡಲ್ ತುಳಿದರು. ಅರ್ಧಕ್ಕೆ ಹೋಯಿತು, ಮೊಣಕಾಲು ನಡುಗಿತು, ಪೆಡಲ್ ಕಾಲನ್ನು ವಾಪಸ್ ತಳ್ಳಿತು. ಎರಡನೇ ಸಲ ಕೈಯಿಂದ ತೊಡೆಯನ್ನು ಒತ್ತಿ ತುಳಿದರು. ಮೂರನೇ ಸಲ ಅರ್ಧಕ್ಕೂ ಹೋಗಲಿಲ್ಲ.

ಅವರು ಪೆಡಲನ್ನು ಬಿಚ್ಚಿ, ಇಸ್ತ್ರಿ ಮೇಜಿನ ಮೇಲಿದ್ದ ರಾಶಿಯಿಂದ ಒಂದು ದಿಂಬಿನ ಚೀಲ ಎಳೆದು, ಅದರೊಳಗೆ ಹಾಕಿಕೊಂಡು ಹೊರಟರು. ಮೂರು ಬೀದಿ ಆಚೆ ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಅಂಗಡಿಯಿತ್ತು.

"ಇದರ ಕೋಲನ್ನ ಉದ್ದ ಮಾಡಬೇಕು," ಅಂದರು.

"ಎಷ್ಟು?"

"ನಾಲ್ಕು ಬೆರಳು."

"ನಿಮ್ಮ ಬೆರಳೋ ನನ್ನ ಬೆರಳೋ?" ವೆಲ್ಡರನ ಬೆರಳು ದಪ್ಪ.

"ನಂದು. ಓಡಿಸೋದು ನಾನು."

ಕೋಲನ್ನು ಮಧ್ಯೆ ಕತ್ತರಿಸಿ, ನಡುವೆ ಕಬ್ಬಿಣದ ತುಂಡು ಸೇರಿಸಿ ಬೆಸೆದ. ಉಜ್ಜಿ ನುಣುಪು ಮಾಡಿ, ಕಪ್ಪು ಬಣ್ಣ ಹೊಡೆದ. ಬಣ್ಣ ಆರುವ ಮುಂಚೆಯೇ ಯಜಮಾನರು ಅದನ್ನು ಚೀಲಕ್ಕೆ ಹಾಕಿಕೊಂಡು ಬಂದು ಕೂರಿಸಿದರು. ತುಳಿದರು. ಪೆಡಲ್ ನೆಲಕ್ಕೆ ಹೋಯಿತು. ಕಾಲು ನಡುಗಲಿಲ್ಲ. ದಿಂಬಿನ ಚೀಲವನ್ನು ಸೀಟಿನ ಹಿಂದೆ, ಜಾಕಿನ ಪಕ್ಕಕ್ಕೆ ತುರುಕಿದರು.

ಭಾನುವಾರ ಗಾಡಿ ಚಾಲೂ ಮಾಡುವ ದಿನ. ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. ಹದಿನಾಲ್ಕು ನಕ್ಕ. "ಇದು ಇನ್ನೂ ತನ್ನನ್ನ ಆಟೋಮ್ಯಾಟಿಕ್ ಅಂದ್ಕೊಂಡಿದೆ. ಹಳೇ ಲಿವರ್ ಪಾರ್ಕಿಂಗಲ್ಲಿದೆಯಾ ಅಂತ ಕೇಳ್ತಾ ಇದೆ." ಎರಡು ವೈರು ಜೋಡಿಸಿದ. ಎಂಜಿನ್ ಶುರುವಾಯಿತು. ಅತ್ತೆ ಬಾಗಿಲಿಗೆ ಬಂದು ನಿಂತಳು.

ಹದಿನಾಲ್ಕು ಕ್ಲಚ್ ತುಳಿದು ಗೇರಿನ ಕಡ್ಡಿ ಮುಂದೆ ತಳ್ಳಿದ. ಗರ್ರ್ ಎಂದಿತು. ರಿವರ್ಸಿಗೆ ಎಳೆದ. ಅದಕ್ಕಿಂತ ಜೋರಾಗಿ ಕಿರುಚಿತು.

"ಕ್ಲಚ್ಚೇನೋ ಬೆಣ್ಣೆ ಹಾಗಿದೆ," ಅಂದ ಇಳಿಯುತ್ತ. "ಬಾಕ್ಸೇ ಸರಿಯಿಲ್ಲ. ಒಳಗೆ ಹಲ್ಲು ಸವೆದಿರಬೇಕು."

ಯಜಮಾನರು ಮಗನ ಕಡೆ ತಿರುಗಿದರು. "ತರೋ ಮುಂಚೆ ಕೈಯಾಡಿಸಿ ನೋಡಿದ್ಯಾ?"

"ನೋಡಿದ್ದೆ ಅಪ್ಪ. ಎಲ್ಲ ಗೇರೂ ಬೀಳ್ತಿತ್ತು."

"ನಿಂತ ಗಾಡೀಲಿ ಎಲ್ಲಾನೂ ಬೀಳುತ್ತೆ. ಗುಜರಿಯವನು ಟೋಪಿ ಹಾಕಿದ, ನೀನು ತಲೆ ಕೊಟ್ಟೆ."

ಸಂಜೆ ಮಗ ಗುಜರಿಯವನ ಹತ್ತಿರ ಹೋದ. ಒಮ್ಮೆ ಹೊರಗೆ ಹೋದ ಸಾಮಾನು ವಾಪಸ್ ತಗೊಳ್ಳಲ್ಲ ಎಂದು ಅವನು ಹೇಳಿದ. ಮನೆಯಲ್ಲಿ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ಇತ್ತು. ಮಗ ಮೊಟ್ಟೆ ಮುಟ್ಟಲಿಲ್ಲ.

ಮುಂದಿನ ವಾರ ಗೇರ್‌ಬಾಕ್ಸನ್ನು ಮತ್ತೆ ಇಳಿಸಿದರು. ಕೆಳಗೆ ಮಲಗಿದ್ದು ಮಗ. ಅದರ ಭಾರವೆಲ್ಲ ಅವನ ಎದೆಯ ಮೇಲೆ ಬಂದು, ಪಕ್ಕೆಯಲ್ಲಿ ಕೈಯಗಲ ನೀಲಿಗಟ್ಟಿತು. ಹದಿನಾಲ್ಕು ಬಾಕ್ಸನ್ನು ಬಿಚ್ಚಿ ಟಾರ್ಚ್ ಹಾಕಿ ಒಂದೊಂದೇ ಹಲ್ಲು ನೋಡಿದ.

"ಹಲ್ಲು ಚೆನ್ನಾಗೇ ಇದೆ," ಅಂದ ಕೊನೆಗೆ. "ನನ್ನ ಹಲ್ಲಿಗಿಂತ ಚೆನ್ನಾಗಿದೆ."

"ಮತ್ತೆ ಯಾಕೆ ಅರಚುತ್ತೆ?" ಅಂದ ಮಗ.

"ಬೇರಿಂಗ್ ಬದಲಾಯ್ಸಿ ನೋಡೋಣ."

ಯಜಮಾನರು ಆ ಮಾತು ಕೇಳುತ್ತ ಗಾಡಿಯ ಬಾಗಿಲು ಹಿಡಿದು ನಿಂತಿದ್ದರು. ಒಳಗೆ ಪೆಡಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಬಾಗಿಲು ಮುಚ್ಚಿದರು.

ಬೇರಿಂಗ್ ಬದಲಾಯಿತು. ಸದ್ದು ಬದಲಾಗಲಿಲ್ಲ. ಆದರೂ ಗಾಡಿ ಚಲಿಸುತ್ತಿತ್ತು. ಒಮ್ಮೆ ಗೇರ್ ಬಿದ್ದರೆ ಹೋಗುತ್ತಿತ್ತು, ಬೀಳಬೇಕಲ್ಲ. ಬಾಡಿಗೆ ವ್ಯಾನು ಬಿಟ್ಟು ಸಮತಟ್ಟು ದಾರಿಯ ಗಿರಾಕಿಗಳಿಗೆ ಪಿಕಪ್ಪಿನಲ್ಲೇ ಬಟ್ಟೆ ಹೋಗತೊಡಗಿತು. ಓಡಿಸಿದವರು ಯಜಮಾನರು. ಗುಡ್ಡಕ್ಕೆ ಮಾತ್ರ ಇನ್ನೂ ವ್ಯಾನು. ಮಧ್ಯಾಹ್ನ, ಬಸ್ ಡಿಪೋದ ಹಿಂದಿನ ಬಯಲಿನಲ್ಲಿ ಸೊಸೆ ಕಲಿಯುತ್ತಿದ್ದಳು. ಕಲಿಸುತ್ತಿದ್ದವನು ಅವಳ ಗಂಡ.

"ಪೂರ್ತಿ ತುಳಿ."

"ಪೂರ್ತೀನೇ ತುಳ್ದಿದ್ದೀನಿ. ನೆಲ ಮುಟ್ಟಿದೆ."

"ಹಾಗಾದ್ರೆ ಗೇರ್ ಬೀಳಬೇಕಲ್ಲ."

"ನನ್ನ ಕೇಳಿದ್ರೆ? ನಿಮ್ಮ ಬಾಕ್ಸ್ ಕೇಳಿ."

"ನೀನೂ ಶುರು ಮಾಡಿದ್ಯಾ?" ಅಂದ ಮಗ.

ಗಾಡಿ ಬೀದಿಯ ತಿರುವಿನಲ್ಲಿ ಗೇರ್ ಬದಲಿಸಿದ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. "ಗಾಡೀಲಿ ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀಯೇನಮ್ಮ?" ಎಂದು ಅತ್ತೆ ಬಾಗಿಲಲ್ಲೇ ಕೇಳಿದಳು. "ನಿಮ್ಮ ಮಾವನ ಕೈಲಾದ್ರೆ ಇಷ್ಟು ಅರಚಲ್ಲ."

ಅದು ನಿಜವಿರಲಿಲ್ಲ. ಯಜಮಾನರ ಕೈಯಲ್ಲೂ ಅಷ್ಟೇ ಅರಚುತ್ತಿತ್ತು. ಆದರೆ ಅತ್ತೆಗೆ ಸದ್ದು ಕೇಳಿಸುತ್ತಿದ್ದುದು ಸೊಸೆಯ ಪಾಳಿಯಲ್ಲಿ ಮಾತ್ರ.

ಇದರ ನಡುವೆ ಗುಡ್ಡದ ಲಾಡ್ಜಿನ ಮ್ಯಾನೇಜರ್ ಒಂದು ದಿಂಬಿನ ಚೀಲ ಕಡಿಮೆ ಬಂದಿದೆ ಎಂದು ರಿಜಿಸ್ಟರಿನಲ್ಲಿ ಬರೆದಿದ್ದ. ಸೊಸೆ ಮನೆಯ ಪ್ರತಿಯೊಂದು ರಾಶಿಯನ್ನೂ ಬಿಚ್ಚಿ ಎಣಿಸಿದಳು.

"ಯಂತ್ರದೊಳಗೆ ನೋಡಿದ್ಯಾ?" ಅಂದಳು ಅತ್ತೆ.

"ನೋಡ್ದೆ."

"ನರ್ಸಿಂಗ್ ಹೋಮಿನ ಗಂಟಲ್ಲಿ ಸೇರ್ಕೊಂಡು ಹೋಗಿರುತ್ತೆ."

"ಕೆಂಪು ದಾರ ಕಾಣದೆ ಹೋಗೋಕೆ ನಂಗೇನು ಕಣ್ಣು ಹೋಗಿದ್ಯಾ? ಇಷ್ಟು ವರ್ಷ ಒಂದು ಟವೆಲ್ ಕಳೆದಿಲ್ಲ ನಾನು."

ಯಜಮಾನರು ತಟ್ಟೆ ಮುಂದಿಟ್ಟುಕೊಂಡು ಬ್ರೆಡ್ಡಿನ ಅಂಚು ಮುರಿಯುತ್ತಿದ್ದರು. ತಲೆಯೆತ್ತಲಿಲ್ಲ.

ಐದನೇ ವಾರದ ಮಂಗಳವಾರ ವ್ಯಾನಿನವನು ಬರಲಿಲ್ಲ. ಬೇರೆ ಬಾಡಿಗೆ ಸಿಕ್ಕಿತ್ತು. ಗುಡ್ಡಕ್ಕೆ ತಾವೇ ಹೋಗುವುದಾಗಿ ಯಜಮಾನರು ಹೇಳಿದರು. ಸೊಸೆ ಪಕ್ಕದಲ್ಲಿ ಕುಳಿತಳು. ಮೊದಲ ತಿರುವಿನವರೆಗೆ ಗಾಡಿ ಮೂರನೇ ಗೇರಿನಲ್ಲಿ ಹೋಯಿತು. ಅಲ್ಲಿ ಏರು ಕಡಿದಾಗಿ, ಎಂಜಿನ್ ಮುಲುಕತೊಡಗಿತು. ಅವರು ಬ್ರೇಕಿನಲ್ಲಿ ನಿಲ್ಲಿಸಿ ಒಂದಕ್ಕೆ ಹಾಕಲು ನೋಡಿದರು. ಕಡ್ಡಿ ಗರ್ರ್ ಎಂದು ಎಲ್ಲೋ ಕೂತಂತಾಯಿತು. ಬಿತ್ತು ಅಂದುಕೊಂಡು ಬ್ರೇಕ್ ಬಿಟ್ಟರು. ಬಿದ್ದಿರಲಿಲ್ಲ. ಗಾಡಿ ಹಿಂದಕ್ಕೆ ಉರುಳಿತು.

"ಮಾವ, ಬ್ರೇಕು! ಬ್ರೇಕು!"

ಹತ್ತು ಹದಿನೈದು ಅಡಿ ಹೋಗಿ ರಸ್ತೆಬದಿಯ ಕಲ್ಲುಗೋಡೆಗೆ ಬಡಿದು ನಿಂತಿತು. ಹಿಂದಿನ ದೀಪ ಒಡೆಯಿತು. ಎರಡು ಗಂಟು ಚರಂಡಿಗೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಯಜಮಾನರ ಎರಡು ಕೈಯೂ ಸ್ಟೇರಿಂಗ್ ಬಿಡಲಿಲ್ಲ. ಸೊಸೆಯೇ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು.

ಆವತ್ತು ಬೇರೊಂದು ಬಾಡಿಗೆ ಗಾಡಿಯಲ್ಲಿ ಬಟ್ಟೆ ಮುಟ್ಟಿದಾಗ ಹತ್ತೂವರೆ. ಮ್ಯಾನೇಜರ್ ಕೂಗಾಡಲಿಲ್ಲ. "ಇನ್ನೊಂದು ಸಲ ತಡ ಆದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ," ಅಂದ. ಲಾಂಡ್ರಿಯ ಕೆಲಸದಲ್ಲಿ ಅರ್ಧ ಆ ಲಾಡ್ಜಿನದೇ.

ಸಂಜೆಯ ಊಟಕ್ಕೆ ಅನ್ನ, ಬೇಯಿಸಿದ ಆಲೂಗಡ್ಡೆ. ಎಲ್ಲರೂ ಕುಳಿತ ಮೇಲೆ ಯಜಮಾನರೇ ಶುರು ಮಾಡಿದರು.

"ಒಂದು ಸಾಮಾನು ತರೋಕೆ ಹೇಳಿದ್ರೆ ನೆಟ್ಟಗೆ ತರೋಕಾಗಲ್ಲ. ಇವತ್ತು ಇಬ್ಬರೂ ಸಾಯ್ತಿದ್ವಿ."

"ಅಪ್ಪ, ಇಳಿಸಿ ಬಿಚ್ಚಿ ನೋಡಿಯಾಯ್ತು. ಅದರಲ್ಲಿ ಏನೂ ಇಲ್ಲ ಅಂತ ಅವರೇ ಹೇಳಿದ್ರು."

"ಏನೂ ಇಲ್ದೆ ಅರಚುತ್ತಾ?"

"ನಂಗೊತ್ತಿಲ್ಲ." ಮಗ ತಟ್ಟೆ ಸರಿಸಿದ. "ನನ್ನ ಹತ್ರ ಇದ್ದಿದ್ದನ್ನೆಲ್ಲ ಹಾಕಿದೆ. ರಜೆ ಹಾಕಿದೆ. ಪಕ್ಕೆ ಇನ್ನೂ ನೋಯುತ್ತೆ, ರಾತ್ರಿ ಮಗ್ಗುಲು ಬದಲಾಯ್ಸೋಕಾಗಲ್ಲ. ಭಾನುವಾರ ಅದನ್ನ ಗುಜರಿಗೆ ತಳ್ಳಿ ಬರ್ತೀನಿ. ಲಾಡ್ಜಿನ ಕೆಲಸ ಹೋದ್ರೆ ಹೋಗ್ಲಿ."

"ಹೋದ್ರೆ ಹೋಗ್ಲಿ ಅಂತೀಯಲ್ಲೋ," ಅಂದಳು ತಾಯಿ. "ಇದೇನು ಆಲೂಗಡ್ಡೆ ಸಿಪ್ಪೇನಾ, ಹೋದ್ರೆ ಹೋಗ್ಲಿ ಅನ್ನೋಕೆ?"

"ನಂಗೆ ಸುಸ್ತಾಗಿದೆ ಅಮ್ಮ," ಅಂದ ಮಗ. ಕೈ ತೊಳೆದು ಎದ್ದುಹೋದ.

ಶನಿವಾರ ಬೆಳಿಗ್ಗೆ ಸೊಸೆ ಗಾಡಿ ಒರೆಸುತ್ತಿದ್ದಳು. ಒಡೆದ ದೀಪದ ಚೂರು ಹೇಗೋ ಒಳಗೂ ಬಂದಿತ್ತು. ಸೀಟಿನ ಹಿಂದೆ ಕೈಹಾಕಿ ಜಾಕನ್ನು ಎಳೆದಾಗ ಅದರ ಜೊತೆಗೆ ಒಂದು ಬಟ್ಟೆ ಬಂತು. ಮೂಲೆಯಲ್ಲಿ ಕೆಂಪು ದಾರ, ಎರಡು ಗೀಟು.

ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಕಲೆ ನೋಡಿ ಯಾವುದು ಏನೆಂದು ಹೇಳುವುದು ಅವಳ ಕೆಲಸ. ಟೀ, ರಕ್ತ, ಔಷಧ, ತಲೆಗೆ ಹಚ್ಚುವ ಬಣ್ಣ, ಎಲ್ಲವೂ ಅವಳಿಗೆ ಗೊತ್ತು. ಇದರಲ್ಲಿ ಇದ್ದದ್ದು ಗ್ರೀಸು ಮತ್ತು ಕಪ್ಪು ಬಣ್ಣ. ಕಪ್ಪು ಒದ್ದೆಯಾಗಿದ್ದಾಗಲೇ ಒತ್ತಿಕೊಂಡು ಪೂರ್ತಿ ಆಕಾರ ಬಿಟ್ಟಿತ್ತು. ಉದ್ದನೆಯ ಕೋಲು, ತುದಿಯಲ್ಲಿ ಅಂಗೈಯಗಲದ ಚೌಕ.

ಅವಳು ಬಗ್ಗಿ ಸ್ಟೇರಿಂಗಿನ ಕೆಳಗೆ ನೋಡಿದಳು. ಬ್ರೇಕಿನ ಪೆಡಲ್ ಎಷ್ಟು ಎತ್ತರದಲ್ಲಿತ್ತೋ ಕ್ಲಚ್ಚಿನದು ಅದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಕೋಲಿನ ಉದ್ದಕ್ಕೂ ಬೆರಳಾಡಿಸಿದಳು. ಒಂದು ಕಡೆ ಉಬ್ಬು ಸಿಕ್ಕಿತು; ಅದರಿಂದ ನಾಲ್ಕು ಬೆರಳು ಕೆಳಗೆ ಇನ್ನೊಂದು. ಕಣ್ಣಿಗೆ ಕಾಣದಂತೆ ಹಾಕಿದ ತೇಪೆ. ಕೈಯಿಂದ ಪೆಡಲನ್ನು ಒತ್ತಿದಳು. ಅದು ಹಗುರವಾಗಿ ಹೋಗಿ ನೆಲಕ್ಕೆ ತಾಗಿ ನಿಂತಿತು. ಮೇಲೆ, ಕ್ಲಚ್ ಬಿಡಿಸಲು ಸಿಲಿಂಡರಿನೊಳಗೆ ಪೂರ್ತಿ ಹೋಗಬೇಕಾದ ಕಡ್ಡಿ ಅರ್ಧ ಹೋಗಿ, ಅರ್ಧ ಹೊರಗೇ ಉಳಿದಿತ್ತು.

ಯಜಮಾನರು ಇಸ್ತ್ರಿ ಮೇಜಿನ ಹತ್ತಿರ ಶೀಟು ಮಡಚಲು ಕಾಯುತ್ತಿದ್ದರು. ದೊಡ್ಡ ಶೀಟು ಮಡಚಲು ಇಬ್ಬರು ಬೇಕು. ಸೊಸೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಎರಡು ಮೂಲೆ ಹಿಡಿದಳು. ಜಗ್ಗಿದರು, ಕೊಡವಿದರು, ಒಬ್ಬರ ಕಡೆಗೆ ಒಬ್ಬರು ನಡೆದರು. ಮೂಲೆಗಳು ಕೂಡಿದಾಗ ಅವಳು ಕೇಳಿದಳು.

"ಮಾವ, ಪೆಡಲಿಗೆ ತೇಪೆ ಹಾಕಿಸಿದ್ದು ಯಾವತ್ತು?"

ಅವರು ಮೂಲೆ ಬಿಡಲಿಲ್ಲ. ಅವಳ ಸೊಂಟದಲ್ಲಿದ್ದ ಚೀಲ ನೋಡಿದರು.

"ಬಾಕ್ಸ್ ಹಾಕಿದ ವಾರ."

"ಅದರಿಂದಾನೇ ಅರಚ್ತಿದೆ ಅಂತ ಯಾವತ್ತು ಗೊತ್ತಾಯ್ತು?"

"ಹಲ್ಲು ಚೆನ್ನಾಗಿದೆ ಅಂದಾಗ ಅನುಮಾನ ಬಂತು. ಗುಡ್ಡದಲ್ಲಿ ಉರುಳಿದಾಗ ಗೊತ್ತಾಯ್ತು."

"ಗೊತ್ತಾದ ಮೇಲೂ ಊಟದ ಹೊತ್ತಲ್ಲಿ ನಿಮ್ಮ ಮಗನ್ನೇ ಬೈದ್ರಿ."

"ಬೈದೆ."

"ಯಾಕೆ ಮಾವ?"

"ಹೇಳಿದ್ರೆ ಕತ್ತರಿಸ್ತೀರಿ. ಕತ್ತರಿಸಿದ್ರೆ ನನ್ನ ಕೈಲಿ ತುಳಿಯೋಕಾಗಲ್ಲ." ಅವರು ಶೀಟಿನ ಅಂಚನ್ನು ಹೆಬ್ಬೆರಳಿಂದ ತೀಡಿದರು. "ಆಮೇಲೆ ನಾನು ಈ ಮನೇಲಿ ಬಟ್ಟೆ ಮಡಚೋನು ಅಷ್ಟೇ."

"ನಾನು ಹದಿನಾರು ವರ್ಷದಿಂದ ಬಟ್ಟೆ ಮಡಚ್ತಿದ್ದೀನಿ," ಅಂದಳು ಸೊಸೆ.

ಇಬ್ಬರೂ ಇನ್ನೊಂದು ಶೀಟು ತೆಗೆದರು. ಅದು ಮುಗಿದ ಮೇಲೆ ಅವಳೇ ಮಾತಾಡಿದಳು.

"ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ರಾತ್ರಿ ಊಟ ಆಗ್ಲಿ."

"ಊಟಕ್ಕೆ ಮುಂಚೆ ಹೇಳಿ. ಅವರು ಮೂರು ವಾರದಿಂದ ನೆಟ್ಟಗೆ ಉಂಡಿಲ್ಲ."

ಮಗ ಎರಡೂವರೆಗೆ ಬಂದ. ಚಪ್ಪಲಿ ಬಿಡುವಷ್ಟರಲ್ಲೇ ಯಜಮಾನರು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು.

"ನೀನು ತಂದ ಬಾಕ್ಸು ಸರಿಯಾಗಿದೆ."

"ಏನಪ್ಪ?"

"ಪೆಡಲ್ ಉದ್ದ ಮಾಡಿಸಿದ್ದೆ ನಾನು. ಕಾಲಿಗೆ ಹಗುರ ಆಗ್ಲಿ ಅಂತ. ಅದಕ್ಕೇ ಕ್ಲಚ್ ಪೂರ್ತಿ ಬಿಡ್ತಿಲ್ಲ. ತಪ್ಪು ನಂದು."

ಮಗ ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಿಂತ. ಸಿಟ್ಟು ಬರುತ್ತದೆ ಎಂದು ಎಲ್ಲರೂ ಕಾದರು. ಅವನು ಮೆಟ್ಟಿಲ ಮೇಲೆ ಕುಳಿತ.

"ಪೂರ್ತಿ ಬಿಚ್ಚಿದ್ವಲ್ಲಪ್ಪ."

"ಹೂಂ."

"ಇಳಿಸೋವಾಗ ನನ್ನ ಎದೆ ಮೇಲೆ ಬಿತ್ತು."

"ನೋಡ್ದೆ."

"ಒಂದು ಮಾತು ಹೇಳೋಕಾಗ್ಲಿಲ್ವಾ?"

ಒಳಗಿನಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದಳು. "ಅಲ್ಲಾ ರೀ, ನಾನು ಇವಳಿಗೆ ಗಿರಣಿ ಗಿರಣಿ ಅಂತ ಅಂದಿದ್ದೆಲ್ಲ ಏನಾಯ್ತು ಈಗ?"

"ಅದನ್ನ ಇಟ್ಕೊಳ್ಳಿ ಅತ್ತೆ," ಅಂದಳು ಸೊಸೆ. "ಮುಂದೆ ಬೇಕಾಗುತ್ತೆ."

ಮಗ ಎದ್ದು ಕೈಕಾಲು ತೊಳೆದು ಊಟಕ್ಕೆ ಕುಳಿತ. ಎರಡು ಸಲ ಅನ್ನ ಹಾಕಿಸಿಕೊಂಡ. ಅಪ್ಪನ ಜೊತೆ ಆ ದಿನ ಮತ್ತೆ ಮಾತಾಡಲಿಲ್ಲ.

ಭಾನುವಾರ ಹದಿನಾಲ್ಕು ಬಂದು ಪೆಡಲ್ ನೋಡಿದ. ಬಹಳ ಹೊತ್ತು ನೋಡಿದ.

"ಹಾರೆ ಉದ್ದ ಇದ್ರೆ ಕಲ್ಲೇನೋ ಹಗುರ ಆಗುತ್ತೆ ಯಜಮಾನ್ರೇ. ಆದರೆ ಹಾರೆ ತುದಿ ನೆಲ ಮುಟ್ಟಿದ ಮೇಲೆ ಕಲ್ಲು ಏಳಲ್ಲ. ಇದನ್ನ ನಂಗೆ ಹೇಳಿಕೊಟ್ಟಿದ್ದೇ ನೀವು."

"ನೀನು ಒಂದು ಸಲ ಬಗ್ಗಿ ನೋಡಬೇಕಿತ್ತು."

"ನೀವು ಕೂರಿಸಿದ್ದನ್ನ ನಾನು ನೋಡೋದಾ?" ಅಂದ ಹದಿನಾಲ್ಕು. ಅವನ ದನಿಯಲ್ಲಿ ಬೇಸರವಿತ್ತು.

ಪೆಡಲನ್ನು ವೆಲ್ಡಿಂಗ್ ಅಂಗಡಿಗೆ ಮಗ ಒಯ್ದ, ಬರಿಗೈಯಲ್ಲಿ ಹಿಡಿದುಕೊಂಡು. ನಾಲ್ಕು ಬೆರಳು ಕತ್ತರಿಸಿ ಮೊದಲಿನಂತೆ ಬೆಸೆದು ತಂದ. ಸಂಜೆ ಬಯಲಿನಲ್ಲಿ ಸೊಸೆ ಒಂದರಿಂದ ಐದರವರೆಗೆ ಹಾಕಿ, ವಾಪಸ್ ಒಂದಕ್ಕೆ ಬಂದಳು. ಆಮೇಲೆ ರಿವರ್ಸ್. ಸದ್ದು ಬರಲಿಲ್ಲ. ಯಜಮಾನರೂ ಒಮ್ಮೆ ಸೀಟಿನಲ್ಲಿ ಕುಳಿತು ತುಳಿದು ನೋಡಿದರು. ಅರ್ಧಕ್ಕೆ ಹೋಯಿತು. ಇಳಿದು ಕೀಲಿಯನ್ನು ಸೊಸೆಯ ಕೈಗೆ ಕೊಟ್ಟರು.

ಸೋಮವಾರ ಆರು ಗಂಟೆಗೆ ಹನ್ನೊಂದು ಗಂಟು ಹೇರಿಕೊಂಡು ಪಿಕಪ್ ಹೊರಟಿತು. ಸೊಸೆ ಓಡಿಸುತ್ತಿದ್ದಳು. ಗಂಟು ಇಳಿಸಲು, ಎಣಿಸಲು ಯಜಮಾನರು ಪಕ್ಕದಲ್ಲಿದ್ದರು. ಏರಿನಲ್ಲಿ ಅವಳು ಮೂರರಿಂದ ಎರಡಕ್ಕೆ ಬಂದಾಗ, ಆಮೇಲೆ ಒಂದಕ್ಕೆ ಬಂದಾಗ, ಯಜಮಾನರ ಎಡಗಾಲು ಖಾಲಿ ತಗಡನ್ನು ಒತ್ತಿತು.

"ಎರಡನೇ ಗೇರನ್ನ ಇನ್ನೂ ಸ್ವಲ್ಪ ಮುಂಚೆ ಹಾಕಬೇಕು," ಅಂದರು ಮೇಲೆ ತಲುಪಿದಾಗ.

"ಆಯ್ತು ಮಾವ."

ಆರು ಐವತ್ತಾಗಿತ್ತು. ಮ್ಯಾನೇಜರ್ ಎಣಿಸಿಕೊಂಡು ರಿಜಿಸ್ಟರನ್ನು ಎಂದಿನಂತೆ ಯಜಮಾನರ ಮುಂದೆ ಚಾಚಿದ. ಅವರು ಅದನ್ನು ಸೊಸೆಯ ಕಡೆ ತಿರುಗಿಸಿ, "ಗಾಡಿ ತಂದೋಳು ಇವಳು," ಅಂದರು. ಚಾಲಕನ ಕಾಲಮಿನಲ್ಲಿ ಅವಳು ಸಹಿ ಮಾಡಿದಳು.

ಯಜಮಾನರು ಪೆನ್ನನ್ನು ವಾಪಸ್ ಪಡೆದು ನಾಲ್ಕು ಹಾಳೆ ಹಿಂದಕ್ಕೆ ತಿರುವಿದರು. ದಿಂಬಿನ ಚೀಲ ಒಂದು ಕಡಿಮೆ ಎಂದಿದ್ದ ಸಾಲಿನ ಮುಂದೆ 'ನನ್ನಿಂದ ಹಾಳಾಗಿದೆ' ಎಂದು ಬರೆದು, ತಮ್ಮ ಸಹಿ ಹಾಕಿದರು. ಬುಧವಾರ ಹೊಸ ಚೀಲ ಕೊಟ್ಟರು.